ಹಿಡಿಕೆಯಿಲ್ಲದ ದೌತಿ

ಮನೆಗೆ ಹೊಸ ಸಾಮಾನು ಬಂದರೆ ಅದನ್ನು ನಾಲ್ಕು ಜನ ನೋಡುವವರೆಗೆ ಮನುಷ್ಯನಿಗೆ ಸಮಾಧಾನವಿರುವುದಿಲ್ಲ. ಈ ಚಪಲ ಹೆಂಗಸರಿಗೆ ಹೆಚ್ಚು ಎನ್ನುತ್ತಾರೆ. ನನ್ನ ಹೆಂಡತಿ ತವರಿನಿಂದ ತಂದ ಬಂಗಾರದ ಸರವನ್ನು ಪೆಟ್ಟಿಗೆಯ ತಳದಲ್ಲಿಟ್ಟು ಮರೆತೇಬಿಟ್ಟಿದ್ದಾಳೆ. ನಾನು ಮಾತ್ರ ಒಂದು ದೌತಿಗಾಗಿ, ಅಂದರೆ ಮಸಿಕುಡಿಕೆಗಾಗಿ, ಮಗಳ ಲಗ್ನವನ್ನೇ ಪಣಕ್ಕಿಟ್ಟೆ.

ಆಗ ನಿಜಾಮರ ಕಾಲ. ನಾನು ಕಲ್ಯಾಣದ ಕಚೇರಿಯಲ್ಲಿ ಉರ್ದು ಕಾಗದಗಳ ತಪ್ಪು ತಿದ್ದಿ ನಕಲು ತೆಗೆಯುವ ಗುಮಾಸ್ತ. ಹೆಂಡತಿಯ ತಮ್ಮ ಶಿವಣ್ಣ ಕೆಲವು ವರ್ಷ ಮುಂಬಯಿಯಲ್ಲಿದ್ದು ಬಂದು ಹುಮನಾಬಾದಿನಲ್ಲಿ ಕಾಗದ, ಲೇಖನಿಗಳ ಅಂಗಡಿ ಇಟ್ಟಿದ್ದ. ವಿಲಾಯತಿಯಲ್ಲಿ ಈಗ ಬಳ್ಳಿ, ಹೂವು, ನವಿಲು ಎಲ್ಲ ಹೋದವು, ಗೆರೆ ನೆಟ್ಟಗಿದ್ದರೆ ಅದೇ ಚೆಲುವು ಎಂದು ಗಿರಾಕಿಗಳಿಗೆ ಉಪದೇಶ ಮಾಡುತ್ತಿದ್ದ. ಅವರು ಎಲ್ಲವನ್ನೂ ಕೇಳಿಸಿಕೊಂಡು ನವಿಲಿರುವ ದೌತಿಯನ್ನೇ ಕೊಂಡು ಹೋಗುತ್ತಿದ್ದರು. ಹೀಗೆ ಉಳಿದದ್ದನ್ನು ಶಿವಣ್ಣ ನನಗೆ ಉಡುಗೊರೆ ಕೊಟ್ಟ: ಕಪ್ಪು ಗಾಜಿನ ಚೌಕ ದೌತಿ ಮತ್ತು ಎರಡೂ ತುದಿ ಒಂದೇ ತೆರನಾದ ಲೇಖನಿ. ದೌತಿಗೆ ಹಿಡಿಕೆಯಿಲ್ಲ, ಗುಬುಟಿಲ್ಲ. ಮುಚ್ಚಳ ಎಲ್ಲಿ ಮುಗಿಯಿತು, ಕುಡಿಕೆ ಎಲ್ಲಿ ಶುರುವಾಯಿತು ತಿಳಿಯದು. ಒಂದು ಮೂಲೆ ಒತ್ತಿದರೆ ಮುಚ್ಚಳ ತಾನಾಗಿ ಏಳುತ್ತಿತ್ತು.

“ಬ್ಯಾಡಾದ್ದು ಒಂದೂ ಇಲ್ಲ ನೋಡ್ರಿ ಮಾಮಾ” ಎಂದ.

ಮನೆಗೆ ತಂದಾಗ ಹೆಂಡತಿ ಅದನ್ನು ತಿರುಗಿಸಿ ನೋಡಿ, ಬೇಕಾದದ್ದೂ ಇಲ್ಲವಲ್ಲ ಎಂದು ಹೇಳಿ ಒಲೆಯ ಕಡೆ ಹೋದಳು.

ಮಗಳು ಗಂಗಾಳಿಗೆ ಮಂಠಾಳದ ಬಟ್ಟೆ ವ್ಯಾಪಾರಿ ಬಸಪ್ಪನವರ ಮಗನೊಂದಿಗೆ ಮಾತು ನಡೆದಿತ್ತು. ಹುಡುಗಿಯನ್ನು ನೋಡಿ ಒಪ್ಪಿದ್ದರು. ಕೊನೆಯ ಮಾತು ಬಂದಿರಲಿಲ್ಲ. ಹಿಂದೆ ಎರಡು ಕಡೆಯವರು ಹೀಗೇ ಒಪ್ಪಿ, ನನ್ನ ಕಚೇರಿಯ ದೊಡ್ಡ ಮಾತುಗಳನ್ನು ಕೇಳಿ ಹೋದ ಮೇಲೆ ಹೀಗೇ ಸುಮ್ಮನಾಗಿದ್ದರು. ಬೀದಿಯಲ್ಲಿ ಎತ್ತಿನ ಗಂಟೆ ಕೇಳಿದರೆ ಗಂಗಾ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದಳು.

ಒಂದು ಶುಕ್ರವಾರ, ಕಚೇರಿಗೆ ರಜೆಯಿದ್ದಾಗ, ಬಸಪ್ಪನವರು ಹಾಲಿನಂಥ ಬಿಳಿ ರುಮಾಲು ಸುತ್ತಿಕೊಂಡು ಬಂದರು. ಬಿಸಿಲು, ತೊಗರಿ, ಎತ್ತುಗಳ ಬಗ್ಗೆ ಮಾತಾಡಿದರೇ ಹೊರತು ಲಗ್ನದ ಮಾತೆತ್ತಲಿಲ್ಲ. ನನಗೆ ತಡೆಯಲಾಗಲಿಲ್ಲ. ಲಗ್ನದ ಒಪ್ಪಿಗೆಯನ್ನು ಕಾಗದದಲ್ಲಿ ಬರೆದುಬಿಡೋಣ ಎಂದು ದೌತಿಯನ್ನು ಅವರ ಮುಂದೆ ತಂದಿಟ್ಟು ಮೂಲೆ ಒತ್ತಿದೆ. ಏಳಲಿಲ್ಲ. ಉಳಿದ ಮೂಲೆಗಳನ್ನೂ ಒತ್ತಿದೆ. ಬೇಸಿಗೆಯ ಝಳಕ್ಕೆ ಅಂಚಿನ ಮಸಿ ಒಣಗಿ ಮುಚ್ಚಳ ಕಚ್ಚಿಕೊಂಡಿತ್ತು. ಬಸಪ್ಪನವರು ಬಗ್ಗಿ ನೋಡತೊಡಗಿದರು. ಇದರ ಚೆಲುವು ಇರುವುದೇ ಇದರ ಸರಳತೆಯಲ್ಲಿ ಎಂದು ಅವರಿಗೆ ವಿವರಿಸುತ್ತಲೇ ಎಲೆಯಡಿಕೆ ತಟ್ಟೆಯಲ್ಲಿದ್ದ ಅಡಕತ್ತರಿಯನ್ನು ತೂರಿಸಿ ಮೀಟಿದೆ. ಮುಚ್ಚಳ ಹಾರಿತು. ಮಸಿ ನನ್ನ ಮುಖಕ್ಕೂ ಅವರ ರುಮಾಲಿಗೂ ಭೇದವಿಲ್ಲದೆ ಹಂಚಿಕೆಯಾಯಿತು.

ಒಳಗೆ ಬಳೆಗಳ ಸದ್ದು ನಿಂತಿತು. ನಾನು ಹೆಗಲ ವಸ್ತ್ರದಿಂದ ರುಮಾಲು ಒರೆಸಲು ಹೋಗಿ ನೀಲಿ ಮಸಿಯನ್ನು ಇನ್ನಷ್ಟು ಹರಡಿದೆ, ಮಂಡಿಯೂರಿ ಜಮಖಾನೆ ಉಜ್ಜಿದೆ, ಏನೇನೋ ಬಡಬಡಿಸಿದೆ. ಬಸಪ್ಪನವರು ರುಮಾಲು ಬಿಚ್ಚಿ, ಬಟ್ಟೆ ವ್ಯಾಪಾರದವರಲ್ಲವೇ, ಬೆಳಕಿಗೆ ಹಿಡಿದು ನೋಡಿದರು.

“ಬಣ್ಣ ಪಕ್ಕಾ ಅದರಿ” ಎಂದರು.

ಆಮೇಲೆ ನನ್ನ ಮೋರೆ ನೋಡಿದವರೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಕಣ್ಣೊರೆಸಿಕೊಂಡು ಹೇಳಿದರು: “ಖರೇ ಹೇಳ್ತೀನ್ರಿ. ಕಚೇರಿ ಮಂದಿಗಿ ದಿಮಾಕ ಭಾಳ ಇರ್ತದಂತ ನಮ್ಮ ಮನ್ಯಾಗ ಅಂಜಾಕತ್ತಿದ್ರು. ಈ ಮಾರಿ ನೋಡಿದ ಮ್ಯಾಲ ಇನ್ನೇನ್ ಅಂಜಿಕಿ. ಬರೀರಿ.”

ಬರೆಯಲು ಮಸಿ ಉಳಿದಿರಲಿಲ್ಲ. ನೆರೆಮನೆಯ ಅರ್ಜಿ ಬರೆಯುವ ಖಾದರ್ ಸಾಹೇಬರು ಬಿದಿರಿನ ಕಲಮು, ಮಣ್ಣಿನ ಕುಡಿಕೆ ಹಿಡಿದು ಬಂದರು. ನನ್ನ ಮುಖದ ಬಗ್ಗೆ ಒಂದು ಮಾತೂ ಆಡದೆ ಬರೆದುಕೊಟ್ಟರು. ಅಂಥ ಸಭ್ಯತೆಯನ್ನು ನಾನು ಮತ್ತೆ ಕಂಡಿಲ್ಲ.

ಗಂಗಾ ಮಂಠಾಳದಲ್ಲಿ ಸುಖವಾಗಿದ್ದಾಳೆ. ಬಂದವರೆದುರು ನಾನು ಮಗಳ ಲಗ್ನಕ್ಕಾಗಿ ಎಷ್ಟು ಬುದ್ಧಿ ಖರ್ಚು ಮಾಡಿದೆ ಎಂದು ಶುರುಮಾಡಿದರೆ ಹೆಂಡತಿ ಒಳಗಿನಿಂದಲೇ ಮುಗಿಸಿಬಿಡುತ್ತಾಳೆ: “ನಿಮ್ಮ ಶಾಣ್ಯಾತನಕ್ಕ ಎರಡು ಸಂಬಂಧ ಹೋದವು. ನಿಮ್ಮ ಮಾರಿ ನೋಡಿ ಒಂದು ಕೂಡ್ತು.”

ಕಚೇರಿಯಲ್ಲಿ ಇಷ್ಟು ವರ್ಷ ಬೇರೆಯವರ ಬರಹ ತಿದ್ದಿದವನು ನಾನು. ಈ ಮಾತಿನಲ್ಲಿ ತಿದ್ದುವಂಥದ್ದು ಇನ್ನೂ ಏನೂ ಸಿಕ್ಕಿಲ್ಲ.