ಒಮ್ಮೆಯೂ ಬೀಳದ ಸೈಕಲ್ಲು ಮಾರಾಟಕ್ಕಿದೆ

ಒಂದು ವಸ್ತುವನ್ನು ಕೊಳ್ಳುವುದಕ್ಕೆ ದುಡ್ಡಿದ್ದರೆ ಸಾಕು, ಮಾರುವುದಕ್ಕೆ ನೆನಪಿರಬೇಕು. ಕೊಳ್ಳುವವನನ್ನು ಯಾರೂ ಏನೂ ಕೇಳುವುದಿಲ್ಲ. ಮಾರುವವನು ಮಾತ್ರ ಆ ವಸ್ತುವಿನ ಹುಟ್ಟು, ನಡತೆ, ಕಾಯಿಲೆ ಕಸಾಲೆ ಎಲ್ಲವನ್ನೂ ಪ್ರಮಾಣ ಮಾಡಿದವನಂತೆ ಒಪ್ಪಿಸಬೇಕು. ನನ್ನಂಥವನಿಗೆ ಇದು ಆಗಿಬರುವ ಕೆಲಸವಲ್ಲ. ಹಾಸನದ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡುವ ನನಗೆ ಅನುಮಾನವೇ ಅನ್ನ. ಯಾವನೋ ದಂಡನಾಯಕ ಒಬ್ಬಂಟಿಯಾಗಿ ಒಂದು ಸೈನ್ಯವನ್ನೇ ಓಡಿಸಿದ ಎಂದು ಶಾಸನದಲ್ಲಿದ್ದರೆ, “ಕಲ್ಲು ಕೆತ್ತಿಸಿದವನು ಯಾರು ಅಂತ ಮೊದಲು ನೋಡ್ರಪ್ಪ” ಎಂದು ಮಕ್ಕಳಿಗೆ ಹೇಳುತ್ತ ಬಂದವನು ನಾನು. ಊರವರ ನೆನಪನ್ನೆಲ್ಲ ಹೀಗೆ ಅನುಮಾನಿಸಿ ಅನುಮಾನಿಸಿ, ಈಚೆಗೆ ಆ ಚಟ ನನ್ನ ಮೇಲೇ ತಿರುಗಿದೆ. ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸು ಬರುತ್ತೇನೆ. ಹಾಕಿರುತ್ತೇನೆ. ಮತ್ತೆ ಬಸ್‌ಸ್ಟ್ಯಾಂಡಿಗೆ ಹೋದ ಮೇಲೆ, ಆ ಬೀಗ ನೋಡಿದ್ದು ಇವತ್ತೋ ನಿನ್ನೆಯೋ ಎಂಬ ಪ್ರಶ್ನೆ ಏಳುತ್ತದೆ.

ಇಂಥ ನಾನು ಒಂದು ಸೈಕಲ್ ಮಾರಬೇಕಾಗಿ ಬಂತು. ಸೈಕಲ್ ಎಂದರೆ ಹಾಲಿನ ಕ್ಯಾನು ನೇತುಹಾಕುವಂಥದ್ದಲ್ಲ. ಕಬ್ಬಿಣದ ಬದಲು ಕಾರ್ಬನ್ನಿನ ಕೊಳವೆಗಳಿರುವ ಸೈಕಲ್. ಒಂದೇ ಕೈಯಲ್ಲಿ, ಮದುವೆಮನೆಯ ತಾಂಬೂಲದ ಚೀಲ ಎತ್ತಿದಂತೆ ಎತ್ತಬಹುದು. ಇದರಲ್ಲಿ ಓಟದ ಪಂದ್ಯಕ್ಕೆ ಒಂದು ಜಾತಿ, ದಿನವಿಡೀ ಕೂತು ದೂರ ಹೋಗುವುದಕ್ಕೆ ಇನ್ನೊಂದು ಜಾತಿ. ನನ್ನದು ಎರಡನೆಯದು, ‘ಎಂಡ್ಯೂರೆನ್ಸ್’ ಎನ್ನುತ್ತಾರೆ. ದಿನವಿಡೀ ಕೂರುವುದರಲ್ಲಿ ನನಗೆ ಮೊದಲಿನಿಂದಲೂ ಅನುಭವವಿದ್ದುದರಿಂದ ಅದನ್ನೇ ಆರಿಸಿಕೊಂಡೆ. ನನ್ನದು ಒಂದು ಕಡೆ ನಿಲ್ಲುವ ಜೀವವಲ್ಲ. ಜೇನುಪೆಟ್ಟಿಗೆ ತಂದು ಜೇನು ಹಾರಿಹೋದ ಮೇಲೆ ಕೊಳಲು, ಕೊಳಲು ನುಡಿಯದ ಮೇಲೆ ದೂರದರ್ಶಕ, ಮೋಡ ಮುಚ್ಚಿದ ಮೇಲೆ ಸೈಕಲ್ಲು. ತಂದ ಸೈಕಲ್ಲನ್ನೂ ಅದರ ಪಾಡಿಗೆ ಬಿಡಲಿಲ್ಲ. ಮೊದಲು ಚಕ್ರ ಬದಲಾಯಿಸಿದೆ, ಆಮೇಲೆ ಸೀಟು, ಆಮೇಲೆ ಬ್ಯಾಟರಿಯಲ್ಲಿ ಗೇರು ಬೀಳುವ ಯಂತ್ರ. ಇದಕ್ಕೆಲ್ಲ ಅಪ್‌ಗ್ರೇಡ್ ಎಂದು ಹೆಸರು. ನನ್ನ ಹೆಂಡತಿ ಸುಮಾ ಪಾರ್ಸಲ್ಲು ಬಂದಾಗಲೆಲ್ಲ, “ಇವತ್ತು ನಿಮ್ಮ ಮಗಳಿಗೆ ಬಳೆ ಬಂತೋ, ಓಲೆ ಬಂತೋ?” ಎನ್ನುತ್ತಿದ್ದಳು.

ಈ ಅಲಂಕಾರವೆಲ್ಲ ಊರ ಹೊರಗೆ ಮೂರು ಕಾಸಿಗೆ ಬಾಳುತ್ತಿರಲಿಲ್ಲ. ಅರಕಲಗೂಡು ರಸ್ತೆಯಲ್ಲಿ ಟೀ ಕುಡಿಯಲು ನಿಂತಾಗ ಒಬ್ಬ ಯಜಮಾನರು ಸೈಕಲ್ಲನ್ನು ಸುತ್ತು ಹಾಕಿ, “ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡೂ ಇಲ್ಲ. ಯಾವಾಗ ಪೂರ್ತಿ ಮಾಡ್ತಾರೆ ಸಾ?” ಎಂದು ಕೇಳಿದ್ದರು.

ಹೋದ ಚಳಿಗಾಲದಲ್ಲಿ ನನ್ನ ಕತ್ತು ಹಿಡಿದುಕೊಂಡಿತು. ಬಗ್ಗಿ ಸೈಕಲ್ ತುಳಿಯುವುದನ್ನು ಬಿಟ್ಟು ನೆಟ್ಟಗೆ ಕೂರಬೇಕೆಂದು ವೈದ್ಯರು ಅಪ್ಪಣೆ ಮಾಡಿದರು. ಸೈಕಲ್ಲು ನಡುಮನೆಯ ಗೋಡೆಗೆ ಒರಗಿ ನಿಂತಿತು. ಮನೆಗೆ ಬಂದವರೆಲ್ಲ ಅದಕ್ಕೆ ಟವೆಲ್ಲು ನೇತುಹಾಕತೊಡಗಿದ ಮೇಲೆ, ಮಾರಿಬಿಡುವುದೇ ಮರ್ಯಾದೆ ಎಂದು ತೀರ್ಮಾನಿಸಿದೆ. ಜಾಹೀರಾತು ಹೇಗೆ ಬರೆಯಬೇಕೆಂದು ತಿಳಿಯದೆ ಇನ್ನಾರದೋ ಜಾಹೀರಾತು ನೋಡಿ ಬರೆದೆ. ಅದರಲ್ಲಿ ‘ಒಬ್ಬರೇ ಮಾಲೀಕರು, ಒಮ್ಮೆಯೂ ಬಿದ್ದಿಲ್ಲ’ ಎಂದಿತ್ತು. ನಾನೂ ಹಾಗೇ ಹಾಕಿದೆ. ಮದುವೆಯ ಕರೆಯೋಲೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಹಾಕುತ್ತಾರಲ್ಲ, ಅಷ್ಟೇ ಅರ್ಥದಲ್ಲಿ.

ಮೊದಲ ಫೋನು ಅರಕಲಗೂಡಿನ ಕಡೆಯಿಂದ ಬಂತು.

“ಸಾ, ಸೈಕಲ್ ಐತಂತಲ್ಲ, ಲೀಟ್ರಿಗೆ ಏಟು ಕೊಡ್ತದೆ ಸಾ?”

“ಇದಕ್ಕೆ ಪೆಟ್ರೋಲ್ ಇಲ್ಲಪ್ಪ. ತುಳಿಯೋದು.”

“ತುಳಿಯೋದಾ? ರೇಟ್ ನೋಡಿ ಕೇಳ್ದೆ ಸಾ, ಬೇಜಾರ್ ಮಾಡ್ಕಾಬೇಡಿ.” ಫೋನಿಡದೆ ಮತ್ತೆ ಕೇಳಿದ, “ಎಕ್ಸ್‌ಚೇಂಜ್ ಆಗ್ತದಾ ಸಾ? ನನ್ ತಾವ ಟಿಲ್ಲರ್ ಐತೆ.”

ಟಿಲ್ಲರಿನ ಬಗ್ಗೆ ನಾನು ಅರ್ಧ ದಿನ ಯೋಚಿಸಿದ್ದು ನಿಜ. ಅಷ್ಟರಲ್ಲಿ ಚನ್ನರಾಯಪಟ್ಟಣದಿಂದ ದಂತವೈದ್ಯ ಪ್ರಸನ್ನ ಫೋನು ಮಾಡಿದರು. ಚಕ್ರ ಯಾವುದು, ಗೇರು ಯಾವುದು ಎಂದೆಲ್ಲ ಕೇಳಿ ತಿಳಿದ ಗಿರಾಕಿ. ಬೆಲೆಯನ್ನೂ ಚೌಕಾಸಿ ಮಾಡಲಿಲ್ಲ. ಕೊನೆಗೆ ಬಹಳ ವಿನಯದಿಂದ ಕೇಳಿದರು: “ಸರ್, ಒಮ್ಮೆಯೂ ಬಿದ್ದಿಲ್ಲ ಅಂತ ಹಾಕಿದೀರಿ. ಆದ್ರೆ ಅರಕಲಗೂಡಿನ ಇಳಿಜಾರಲ್ಲಿ ಕುರಿ ಅಡ್ಡ ಬಂದು ನೀವು ಬಿದ್ದಿದ್ದನ್ನ ಹೋದ ವರ್ಷ ನಮ್ಮ ಸೈಕಲ್ ಬಳಗದ ಊಟದಲ್ಲಿ ನಿಮ್ಮ ಬಾಯಲ್ಲೇ ಕೇಳಿದೀನಲ್ಲ?”

ಹೌದು, ಆ ಕಥೆ ಹೇಳದ ಊಟವಿಲ್ಲ. ಇಳಿಜಾರು, ತಿರುವು, ಎದುರಿಗೆ ಕುರಿಮಂದೆ. ಒಂದು ಮರಿಯನ್ನು ಉಳಿಸಲು ನಾನು ಸೈಕಲ್ಲನ್ನು ಪಕ್ಕಕ್ಕೆ ಎಳೆದದ್ದು, ಆಕಾಶ ಕೆಳಗೆ ಬಂದದ್ದು, ನೆಲದಲ್ಲಿ ಬಿದ್ದುಕೊಂಡೇ “ಮರಿಗೇನೂ ಆಗಲಿಲ್ಲವಷ್ಟೆ?” ಎಂದು ಕೇಳಿದ್ದು. ಇಲ್ಲಿಗೆ ಬಂದಾಗ ಹೆಂಗಸರು ಪಾಯಸ ಬಡಿಸುವುದನ್ನು ನಿಲ್ಲಿಸುತ್ತಾರೆ. ಸೈಕಲ್ಲಿನ ಮೇಲಿನ ಕೊಳವೆಯಲ್ಲಿ ಉಗುರಿನಷ್ಟು ಒಂದು ಕಲೆ ಇರುವುದೂ ನಿಜ. ಕಬ್ಬಿಣವಾದರೆ ಬಿದ್ದರೆ ಸೊಟ್ಟಗಾಗಿ ತೋರಿಸಿಕೊಡುತ್ತದೆ. ಕಾರ್ಬನ್ ಹಾಗಲ್ಲ, ಒಳಗೇ ಸೀಳಿಕೊಂಡು ಮೇಲೆ ನಗುನಗುತ್ತ ಇದ್ದು, ಒಂದು ದಿನ ಇಳಿಜಾರಿನಲ್ಲಿ ನೋಟೀಸು ಕೊಡದೆ ಎರಡಾಗುತ್ತದೆ. ಊರವರ ಹಲ್ಲನ್ನೆಲ್ಲ ಸರಿಮಾಡುವ ಈ ಸಜ್ಜನರ ಹಲ್ಲುಗಳು ಈಗ ನನ್ನ ಒಂದು ಮಾತಿನ ಮೇಲೆ ನಿಂತಿದ್ದವು. “ಭಾನುವಾರ ಬನ್ನಿ ಡಾಕ್ಟ್ರೇ, ನೋಡಿಯೇ ಮಾತಾಡೋಣ” ಎಂದೆ.

ಫೋನಿಟ್ಟು ಸುಮಾಳನ್ನು ಕೇಳಿದೆ, “ಈ ಕಲೆ ನಾನು ಬಿದ್ದಾಗ ಆದದ್ದು ತಾನೆ?”

“ನೀವು ಯಾವಾಗ ಬಿದ್ರಿ?” ಎಂದಳು. “ಅದು ಆಯುಧಪೂಜೆ ದಿನ ಆಗಿದ್ದು. ಸೈಕಲ್ಲಿಗೆಲ್ಲ ಎಂಥಾ ಪೂಜೆ ಅಂತ ಅರ್ಧ ಗಂಟೆ ಉಪನ್ಯಾಸ ಕೊಟ್ರಿ. ನಾನು ಕುಂಕುಮ ಇಟ್ಟು, ಸೇವಂತಿಗೆ ಹಾಕಿದ ಮೇಲೆ, ಕಾಯಿ ಮಾತ್ರ ಗಂಡಸರೇ ಒಡೀಬೇಕು ಅಂತ ಕಿತ್ಕೊಂಡ್ರಿ. ಕೈ ಜಾರಿ ಕಾಯಿ ಸೈಕಲ್ ಮೇಲೆ ಬಿತ್ತು.”

“ಮತ್ತೆ ನಾನು ಕುರಿ ಕಥೆ ಹೇಳುವಾಗ ನೀನೂ ಅಲ್ಲೇ ಇರ್ತಿದ್ದೆಯಲ್ಲ?”

“ನನಗೆ ಹೇಳದೆ ಎಲ್ಲೋ ಯಾವಾಗ್ಲೋ ಬಿದ್ದಿರಬೇಕು ಅಂದ್ಕೊಂಡೆ. ನೀವು ಎಲ್ಲಾ ಹೇಳ್ತೀರಾ ಏನು?”

ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬಾರದು, ಅದರಲ್ಲೂ ಆ ಸಾಕ್ಷಿಗೆ ನಡುಮನೆ ಖಾಲಿಯಾಗಬೇಕೆಂಬ ಆಸೆಯಿದ್ದಾಗ. ಹೊಳೆನರಸೀಪುರದ ವೆಂಕಟೇಶನಿಗೆ ಫೋನು ಮಾಡಿದೆ. ಅವನು ನನ್ನ ಬಾಲ್ಯದ ಗೆಳೆಯ, ಅಲ್ಲಿಯ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಆ ದಿನ ನನ್ನ ಜೊತೆ ಸೈಕಲ್ ತುಳಿದವನು ಅವನೊಬ್ಬನೇ.

“ಲೋ ವೆಂಕಟೇಶ, ಅರಕಲಗೂಡಲ್ಲಿ ನಾನು ಬಿದ್ದೆನಲ್ಲ, ಸೈಕಲ್ಲು ಯಾವ ಮಗ್ಗುಲಿಗೆ ಬಿತ್ತು ನೆನಪಿದೆಯಾ?”

“ಬಿದ್ದಿದ್ದು ನಾನು ಕಣೋ” ಎಂದ.

“ನೀನಾ?”

“ಇನ್ಯಾರು? ನೀನು ಅಷ್ಟು ಹಿಂದೆ ಬರ್ತಿದ್ದೆ. ಬಂದವನು ಕುರಿಯವನ ಹತ್ರ ಜಗಳಕ್ಕೆ ನಿಂತೆ. ನನ್ನ ಎಬ್ಬಿಸಿದ್ದು ಆ ಕುರಿಯವನೇ.”

“ಅಯ್ಯೋ, ಮತ್ತೆ ‘ಮರಿಗೇನೂ ಆಗಲಿಲ್ಲವಷ್ಟೆ’ ಅಂದಿದ್ದು?”

“ಯಾರೂ ಅನ್ನಲಿಲ್ಲ. ನಾನು ಬೇರೆ ಏನೋ ಅಂದೆ. ಅದನ್ನ ಊಟದ ಮನೇಲಿ ಹೇಳೋ ಹಾಗಿಲ್ಲ.”

“ಇಷ್ಟು ದಿನ ನಾನು ಹೇಳುವಾಗ ಬಾಯಿ ಮುಚ್ಕೊಂಡು ಕೂತಿದ್ದೀಯಲ್ಲೋ!”

“ನೀನು ಚೆನ್ನಾಗಿ ಹೇಳ್ತೀಯ ಕಣೋ. ನಾನು ಹೇಳಿದ್ರೆ ಕುರಿ ಬಂತು, ಬಿದ್ದೆ, ಮುಗೀತು. ನೀನು ಹೇಳ್ತಿದ್ರೆ ನನಗೇ ಕಣ್ಣಲ್ಲಿ ನೀರು ಬರತ್ತೆ, ಪಾಪ, ಎಷ್ಟು ಪೆಟ್ಟಾಯ್ತೋ ನಿನಗೆ ಅಂತ.”

ಪೂರ್ವಜರು ಕಟ್ಟಿಸಿದ ದೇಗುಲದ ಮೇಲೆ ತಮ್ಮ ಹೆಸರು ಕೆತ್ತಿಸಿಕೊಂಡ ಪಾಳೇಗಾರರನ್ನು ತರಗತಿಯಲ್ಲಿ ಹೀನಾಯವಾಗಿ ಬೈದವನು ನಾನು. ಈಗ ಅವರ ಮೇಲೆ ಸ್ವಲ್ಪ ಕನಿಕರ ಬಂತು. ಅವರಿಗೂ ಪಾಪ, ತಾವೇ ಕಟ್ಟಿಸಿದೆವೆಂದು ನೆನಪಿದ್ದಿರಬಹುದು. ಅದೇನೇ ಇರಲಿ, ಒಂದು ಒಳ್ಳೆಯ ಸುದ್ದಿಯೂ ಇತ್ತು. ಸೈಕಲ್ಲು ಬಿದ್ದಿಲ್ಲ! ಡಾಕ್ಟರ ಹಲ್ಲಿಗೆ ಅಪಾಯವಿಲ್ಲ! ಖರ್ಚು ಇಷ್ಟೇ: ಅವರೆದುರು ನನ್ನ ಜೀವನದ ಏಕೈಕ ಸಾಹಸವನ್ನು ವಾಪಸು ತೆಗೆದುಕೊಳ್ಳಬೇಕು.

ಭಾನುವಾರ ಡಾಕ್ಟರು ತಮ್ಮ ತಂದೆ ಶಿವಲಿಂಗಪ್ಪನವರನ್ನೂ ಕರೆತಂದರು. ಹಿರಿಯರು ನುಗ್ಗೇಹಳ್ಳಿಯ ಕಡೆ ತೆಂಗಿನಕಾಯಿ ವ್ಯಾಪಾರ ಮಾಡುವವರು, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಎಲೆಯಡಿಕೆ. ಅವರನ್ನು ಕೇಳದೆ ಮಗ ಒಂದು ಬಕೆಟ್ಟನ್ನೂ ಕೊಳ್ಳುವುದಿಲ್ಲವಂತೆ. ಕಾಫಿ ಬರುವ ಮುಂಚೆಯೇ ನಾನು ಧೈರ್ಯ ಮಾಡಿ ಹೇಳಿಬಿಟ್ಟೆ: “ಡಾಕ್ಟ್ರೇ, ನಾನು ಬಿದ್ದೇ ಇಲ್ಲ. ಬಿದ್ದವನು ನನ್ನ ಗೆಳೆಯ. ಈ ಕಲೆ ಆಯುಧಪೂಜೆಯ ಕಾಯಿಯದು.”

ಡಾಕ್ಟರು ನನ್ನನ್ನು ನೋಡಿದ ರೀತಿ ನನಗೆ ಚೆನ್ನಾಗಿ ಗೊತ್ತು. ‘ನಿನ್ನೆ ಕರೆಂಟಿರಲಿಲ್ಲ ಸಾರ್, ಅದಕ್ಕೇ ಓದಿಲ್ಲ’ ಎನ್ನುವ ವಿದ್ಯಾರ್ಥಿಯನ್ನು ನಾನು ನೋಡುವುದು ಹಾಗೆಯೇ. “ಸರ್, ಅವತ್ತು ಅಷ್ಟು ವಿವರವಾಗಿ ಹೇಳಿದ್ರಿ. ಇವತ್ತು ಮಾರೋ ಹೊತ್ತಿಗೆ ಕಾಯಿ ಅಂತೀರಿ” ಎಂದರು. ನಾನು ಅವರ ಜಾಗದಲ್ಲಿದ್ದರೂ ಇದನ್ನೇ ಹೇಳುತ್ತಿದ್ದೆ. ವೆಂಕಟೇಶನಿಗೆ ಫೋನು ಹಚ್ಚಿ ಕೊಟ್ಟೆ. ಮಾತು ಮುಗಿಸಿದ ಡಾಕ್ಟರು, “ನಿಮ್ಮ ಸ್ನೇಹಿತರು ಬಹಳ ಒಳ್ಳೆಯವರು ಸರ್. ನಿಮಗೋಸ್ಕರ ಏನು ಬೇಕಾದ್ರೂ ಹೇಳ್ತಾರೆ” ಎಂದು ನಕ್ಕರು.

ಆಮೇಲೆ ಪರೀಕ್ಷೆ ಶುರುವಾಯಿತು. ಡಾಕ್ಟರು ಜೇಬಿನಿಂದ ಹಲ್ಲು ತಟ್ಟುವ ಪುಟ್ಟ ಸಲಾಕೆ ತೆಗೆದು, ಸೈಕಲ್ಲಿನ ಕೊಳವೆಯ ಉದ್ದಕ್ಕೂ ಟಿಕ್ ಟಿಕ್ ಎಂದು ತಟ್ಟಿ ಕಿವಿಗೊಟ್ಟರು. ಕಲೆಯ ಹತ್ತಿರ ಬಂದಾಗ ಅಭ್ಯಾಸಬಲದಿಂದ “ನೋವಿದೆಯಾ?” ಎಂದೂ ಕೇಳಿದರು. ನಾನೂ ಗಾಬರಿಯಲ್ಲಿ “ಇಲ್ಲ” ಎಂದೆ. ಎಲ್ಲ ಕಡೆ ಒಂದೇ ಸದ್ದು ಬಂತು. ಆದರೂ ಅವರ ಮುಖ ಅರಳಲಿಲ್ಲ.

ಅಷ್ಟರಲ್ಲಿ ಶಿವಲಿಂಗಪ್ಪನವರು ಎದ್ದು ಬಂದು, ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದು, ಕಿವಿ ಹತ್ತಿರ ತಂದು, ಮಗನಿಗೆ ಹೇಳಿದರು: “ಬ್ಯಾಡ ಕಣಪ್ಪ. ಒಳಗೆ ಏನೂ ಇಲ್ಲ. ಬರೀ ಟೊಳ್ಳು.”

“ಯಜಮಾನ್ರೇ, ಸೈಕಲ್ಲು ಯಾವತ್ತಿದ್ರೂ ಟೊಳ್ಳೇ!” ಎಂದೆ.

“ಅಂಗಾರೆ ಇಷ್ಟು ದುಡ್ಡು ಯಾತಕ್ಕೆ ಮೇಷ್ಟ್ರೇ?”

ವ್ಯಾಪಾರ ಮುರಿಯಿತು ಎಂದುಕೊಂಡೆ. ಡಾಕ್ಟರು ಆಗಲೇ ಕಾರಿನ ಕೀ ತೆಗೆದಿದ್ದರು. ಕಾಫಿ ತಂದ ಸುಮಾಳನ್ನು ಶಿವಲಿಂಗಪ್ಪನವರು ತಡೆದು ಕೇಳಿದರು: “ಏನ್ ತಾಯಿ, ನಿಮ್ ಯಜಮಾನ್ರು ಕಾಯಿ ಕಥೆ ಹೇಳ್ತಾವ್ರೆ. ಪೂಜೆ ಕಾಯಿಯಾ, ಮಾಮೂಲಿ ಕಾಯಿಯಾ?”

“ಪೂಜೆ ಕಾಯಿನೇ. ಆಯುಧಪೂಜೆದು.”

“ಸೈಕಲ್ ಮ್ಯಾಲೆ ಬಿದ್ದು ಎಂಗೆ ಒಡೀತು?”

“ಸರಿಯಾಗಿ ಎರಡು ಹೋಳು. ಒಳಗೆ ಹೂವೂ ಇತ್ತು.”

ಹಿರಿಯರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಮಗನ ಕಡೆ ತಿರುಗಿದರು. “ಕಾಯೊಳಗೆ ಹೂ ಇತ್ತಂತೆ. ಇನ್ನೇನ್ ನೋಡ್ತಾ ನಿಂತಿದೀಯಾ? ತಗೊಂಡ್ ನಡಿ.”

ತಟ್ಟಿ ನೋಡಿದ ವಿಜ್ಞಾನ, ಫೋನಿನಲ್ಲಿ ಬಂದ ಪ್ರತ್ಯಕ್ಷ ಸಾಕ್ಷಿ, ನನ್ನ ಸತ್ಯವಚನ ಯಾವುದೂ ಮಾರಲಾಗದ ಸೈಕಲ್ಲನ್ನು ತೆಂಗಿನಕಾಯಿಯೊಳಗಿನ ಒಂದು ಹೂವು ಎರಡು ನಿಮಿಷದಲ್ಲಿ ಮಾರಿತು. ಹಿಂದಿನ ಸೀಟಿನಲ್ಲಿ ಸೈಕಲ್ಲು ಮಲಗಿಕೊಂಡು ಹೋಯಿತು. ಗೇಟು ಮುಚ್ಚುತ್ತ ಸುಮಾಳನ್ನು ಕೇಳಿದೆ, “ನಿಜವಾಗಿ ಹೂವಿತ್ತಾ?” “ಯಾರಿಗೆ ನೆನಪಿದೆ?” ಎಂದಳು. “ಒಳ್ಳೇ ಕಾಯಿ ಅಂತ ನೆನಪು.”

ಮೊನ್ನೆ ಡಾಕ್ಟರಿಂದ ಮೊಬೈಲಿಗೆ ಒಂದು ಚಿತ್ರ ಬಂತು. ಅರಕಲಗೂಡಿನ ಇಳಿಜಾರು, ಒಂದು ತಿರುವು, ದಾರಿ ತೋರಿಸುವ ಕೈಗಂಬಕ್ಕೆ ಒರಗಿಸಿದ ಸೈಕಲ್ಲು. ಕೆಳಗೆ ಬರೆದಿದ್ದರು: ‘ಸರ್, ದೊಡ್ಡವರು ತಮ್ಮ ಸಾಹಸ ಮುಚ್ಚಿಡುತ್ತಾರೆ ಅಂತ ನನಗೆ ಅವತ್ತೇ ಗೊತ್ತಾಯ್ತು. ನೀವು ಬಿದ್ದ ಜಾಗ ಇದೇ ತಾನೆ?’

ಸತ್ಯವನ್ನು ಇನ್ನೊಮ್ಮೆ, ಈ ಸಲ ಲಿಖಿತವಾಗಿ, ಸ್ಪಷ್ಟವಾಗಿ ತಿಳಿಸಬೇಕೆಂದು ಕನ್ನಡಕ ಹಾಕಿಕೊಂಡೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಕುರಿ ಬಂದ ಜಾಗದ ಮರವಿಲ್ಲ, ಮೋರಿಯಿಲ್ಲ, ಬಲಕ್ಕೆ ಹೊರಳಬೇಕಾದ ರಸ್ತೆ ಎಡಕ್ಕೆ ಹೊರಳುತ್ತಿದೆ. ಚರಿತ್ರೆಯ ಮೇಷ್ಟ್ರಾಗಿ ಇಂಥ ತಪ್ಪನ್ನು ಸುಮ್ಮನೆ ಬಿಡುವುದು ಹೇಗೆ? ಬರೆದೆ: ‘ಇದಲ್ಲ ಡಾಕ್ಟ್ರೇ. ಇದರ ಮುಂದಿನ ತಿರುವು.’