ನಮ್ಮ ಬಾತ್ಮೀದಾರರಿಂದ

ರಾಜಾಜಿನಗರದ ಕರಿಬಸಪ್ಪ ಸಂಜೆ ಪತ್ರಿಕೆಯೊಂದಕ್ಕೆ ಆರು ವರ್ಷದಿಂದ ಸುದ್ದಿ ಬರೆಯುತ್ತಿದ್ದ. ಬರೆದದ್ದೆಲ್ಲ ಅಚ್ಚಾಗುತ್ತಿತ್ತು, ಹೆಸರು ಮಾತ್ರ ಇಲ್ಲ. ಸುದ್ದಿಯ ಮೇಲೆ 'ನಮ್ಮ ಬಾತ್ಮೀದಾರರಿಂದ' ಅಂತ ಒಂದು ಸಾಲು, ಅಷ್ಟೇ.

ಹೆಣ್ಣು ಕೊಡಬೇಕಿದ್ದ ವಿಜಯನಗರದ ಚನ್ನವೀರಪ್ಪನವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. "ನೋಡಪ್ಪಾ, ಈ ಬಾತ್ಮೀದಾರ ನೀನೇ ಅಂತ ನಾನು ಹೆಂಗೆ ನಂಬ್ಲಿ? ಪೇಪರ್‌ನಲ್ಲಿ ನಿನ್ ಹೆಸ್ರು ತೋರ್ಸು, ಮಗಳನ್ನ ಕೊಡ್ತೀನಿ."

ಸಂಪಾದಕರ ಕಾಲು ಹಿಡಿದದ್ದಾಯಿತು. "ನಿಮ್ ಬೀದಿ ನಲ್ಲೀಲಿ ನೀರಿಲ್ಲ ಅಂತ ಬರ್ದಿದೀಯಲ್ಲ, ಅದನ್ನ ಮೊದಲ್ನೇ ಪುಟಕ್ಕೆ ಹಾಕೋಣ. ಹೆಸ್ರೂ ಹಾಕ್ತೀನಿ. ಖಾಲಿ ಕೊಡದ ಸಾಲಿನ ಫೋಟೊ ಬೇಕು. ಬೆಳಿಗ್ಗೆ ಅಂಜಿನಯ್ಯನ್ನ ಕಳಿಸ್ತೀನಿ, ಕ್ಯಾಮೆರಾ ತಗೊಂಡು ಬರ್ತಾನೆ."

ಬೆಳಿಗ್ಗೆ ಎದ್ದು ನೋಡಿದರೆ ನಲ್ಲಿಯಲ್ಲಿ ನೀರು! ವಾರದಿಂದ ಬರೀ ಕೆಮ್ಮುತ್ತಿದ್ದ ನಲ್ಲಿ ಆವತ್ತು ಹೊಸದಾಗಿ ಈದ ಎಮ್ಮೆಯ ಹಾಗೆ ಸುರಿಸುತ್ತಿತ್ತು. ಕರಿಬಸಪ್ಪ ಕೊಡದ ಸಾಲಿನತ್ತ ಓಡಿದ.

"ನೀಲಮ್ಮಾರೇ, ಫೋಟೊ ತೆಗೆಯೋವರ್ಗೂ ಕೊಡ ಖಾಲಿ ಇಟ್ಕೊಂಡು ನಿಂತ್ಕೊಳ್ರಮ್ಮಾ" ಎಂದು ಬೇಡಿದ.

ಎದುರು ಮನೆಯ ನೀಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಯಾಕಪ್ಪಾ? ನಿನ್ ಫೋಟೊನ ಕಾಯ್ಸಿ ಕುಡಿಯಕ್ಕಾಗ್ತದಾ?"

"ಪೇಪರ್‌ನಲ್ಲಿ ನಿಮ್ ಮುಖಾನೂ ಬರ್ತದಮ್ಮಾ!"

"ಹಂಗಾದ್ರೆ ಇರು, ತೊಳ್ಕೊಂಡೇ ನಿಂತ್ಕೋತೀನಿ!" ಎಂದವಳೇ ನಲ್ಲಿಯ ಕೆಳಗೆ ಕೂತು ಮುಖಕ್ಕೆ ಸೋಪು ಹಚ್ಚಿದಳು.

ಬೀದಿಯ ಕೊನೆಯಲ್ಲಿ, ಗುಂಡಿಯೊಳಗೆ ನೀರಿನ ವಾಲ್ವ್ ಇತ್ತು. ಅರ್ಧ ಗಂಟೆ ತಿರುಗಿಸಿಟ್ಟರೆ ಯಾರ ಗಂಟು ಹೋಗುತ್ತದೆ? ಕರಿಬಸಪ್ಪ ಪ್ಯಾಂಟು ಮಡಚಿ ಇಳಿದ. ತಿರುಗಿಸಿದ.

ನೀರು ನಿಂತಿತು. ಸೋಪಿನ ಮುಖದಲ್ಲೇ ನೀಲಮ್ಮ ವಾಲ್ವಿನ ಕಡೆ ಓಡಿದಳು, ಹಿಂದೆ ಕೊಡ ಹಿಡಿದ ಬೀದಿಯೆಲ್ಲ. "ಇಲ್ಲವ್ನೆ ಕಣ್ರೇ ಕಳ್ಳ! ವಾರದಿಂದ ನೀರು ನಿಲ್ಸಿದ್ದು ಇವ್ನೇ!"

ಕರಿಬಸಪ್ಪ ಗುಂಡಿಯೊಳಗಿಂದ ಹೆಗ್ಗಣದಂತೆ ತಲೆ ಎತ್ತಿದ. ಆಗಷ್ಟೇ ಬಂದಿಳಿದ ಅಂಜಿನಯ್ಯನ ಕ್ಯಾಮೆರಾ ಫಳ್ಳೆಂದಿತು.

ಪತ್ರಿಕೆಯ ಕಚೇರಿಯಲ್ಲಿ ಫೋಟೊ ನೋಡಿ ಸಂಪಾದಕರು ಕುರ್ಚಿ ಬಿಟ್ಟು ಎದ್ದರು. "ಭಲೇ ಸುದ್ದಿ ಕಣಯ್ಯಾ! ಕೂತ್ಕೊ, ಬರಿ."

"ನಾನಾ ಸಾರ್?" ಎಂದ ಕರಿಬಸಪ್ಪ.

"ಮತ್ತಿನ್ಯಾರು? ಎಲ್ಲಾ ನಿಂಗೇ ಚೆನ್ನಾಗಿ ಗೊತ್ತು. ವಾರದಿಂದ ನಿಲ್ಸಿದ್ದೂ ಸೇರ್ಸು."

"ಅದು ನಾನಲ್ಲ ಸಾರ್! ನೀರೇ ಬರ್ತಿರ್ಲಿಲ್ಲ!"

"ಬೀದಿಯೆಲ್ಲಾ ಹೌದು ಅಂತಿದೆ, ನೀನೊಬ್ಬ ಅಲ್ಲ ಅಂದ್ರೆ ಅದು ಸುದ್ದಿಯಾ? ಬರೀದಿದ್ರೆ ನಾಳೆಯಿಂದ ಈ ಕಡೆ ಬರ್ಬೇಡ."

ಕರಿಬಸಪ್ಪ ಬರೆದ. "ಹೆಸ್ರು ಸಾರ್?" ಎಂದು ಮೆಲ್ಲಗೆ ಕೇಳಿದ.

"ಹಾಕ್ತೀನಿ ಅಂದ್ಮೇಲೆ ಹಾಕ್ತೀನಿ."

ಆವತ್ತು ಸಂಪಾದಕರು ಅವನ ಬರಹದಲ್ಲಿ ಒಂದಕ್ಷರವನ್ನೂ ಹೊಡೆದುಹಾಕಲಿಲ್ಲ. ಹಾಗಾದದ್ದು ಅದೇ ಮೊದಲು.

ಸಂಜೆ ಚನ್ನವೀರಪ್ಪನವರು ಪೇಪರ್ ಹಿಡಿದೇ ಕರಿಬಸಪ್ಪನ ಮನೆಗೆ ಬಂದರು. ಮೊದಲನೇ ಪುಟದಲ್ಲಿ, ಗುಂಡಿಯಿಂದ ಇಣುಕುವ ಮುಖದ ಕೆಳಗೆ ದಪ್ಪಕ್ಷರ: 'ನೀರು ನಿಲ್ಲಿಸಿದ ಕರಿಬಸಪ್ಪ'.

"ಹೆಸ್ರು ನೋಡ್ದೆ ಕಣಪ್ಪಾ. ಮಗಳಿಗೆ ಬೇರೆ ಕಡೆ ನೋಡ್ತೀನಿ."

ಬಾಗಿಲ ತನಕ ಹೋದವರು ತಿರುಗಿ ನಿಂತರು. "ಆದ್ರೂ ಇದನ್ನ ಬರ್ದೋನು ಯಾರೋ, ಭಾಳ ಚೆನ್ನಾಗಿ ಬರ್ದಿದಾನೆ. ಅಂಥೋನು ಸಿಕ್ಕಿದ್ರೆ ಕಣ್ಮುಚ್ಕೊಂಡು ಕೊಡ್ಬೋದಿತ್ತು."

ಅವರು ಬಿಟ್ಟುಹೋದ ಪೇಪರನ್ನು ಕರಿಬಸಪ್ಪ ಕೈಗೆತ್ತಿಕೊಂಡ. ಸುದ್ದಿಯ ಮೇಲೆ ಎಂದಿನ ಸಾಲು ಎಂದಿನ ಜಾಗದಲ್ಲೇ ಇತ್ತು: ನಮ್ಮ ಬಾತ್ಮೀದಾರರಿಂದ.