ಮೆಗಾಬ್ಲಾಕಿನ ದಿನ ನನ್ನ ನಾಲ್ಕು ಬಣ್ಣದ ಚಾರ್ಟು

ಐಟಿ ಪ್ರಾಜೆಕ್ಟುಗಳನ್ನು ಯೋಜಿಸಿ ನಿಭಾಯಿಸುವುದು ಹೇಗೆಂದು ನೆರೂಳದ ಕಾಲೇಜಿನಲ್ಲಿ ಪಾಠ ಹೇಳುವವನು ನಾನು. ಹಾಗಾಗಿ ಮಕ್ಕಳ ಪ್ರಾಜೆಕ್ಟ್ ಮೌಲ್ಯಮಾಪನವನ್ನು ನಾನೇ ಯೋಜಿಸಿದರೆ ಅದರಲ್ಲಿ ತಪ್ಪು ಹುಡುಕಲು ಬ್ರಹ್ಮನಿಂದಲೂ ಆಗದು ಎಂದು ನಂಬಿದ್ದೆ. ನಾಲ್ಕು ಬಣ್ಣಗಳಲ್ಲಿ ದೊಡ್ಡ ಚಾರ್ಟು ಬರೆದು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದೆ. ಯಾರು ಯಾವಾಗ ಪ್ರಾಜೆಕ್ಟ್ ತೋರಿಸಬೇಕು, ಹೊರಗಿನ ಪರೀಕ್ಷಕರು ಯಾವಾಗ ಚಹಾ ಕುಡಿಯಬೇಕು, ಎಲ್ಲವೂ ಅದರಲ್ಲಿತ್ತು. ಚಹಾಕ್ಕೆ ಹಳದಿ ಬಣ್ಣ!

ದಿನ ಭಾನುವಾರ. ಪರೀಕ್ಷಕರು ಧಾರವಾಡದ ಕಡೆಯವರು, ಡೊಂಬಿವಲಿಯಲ್ಲಿ ಮನೆ. ಠಾಣೆಯಲ್ಲಿ ರೈಲು ಬದಲಿಸಿ ನೆರೂಳಕ್ಕೆ ಬರಬೇಕು. ಅಂದು ಅವರ ಸಹಿ ಬೀಳದಿದ್ದರೆ ಇಡೀ ತರಗತಿಯ ಫಲಿತಾಂಶ ನಿಂತುಹೋಗುತ್ತಿತ್ತು.

ವರದಿಗಳನ್ನು ನಾನು ಮೊದಲೇ ತಿದ್ದಿದ್ದೆ. ತುರ್ಭೆಯ ಉಡುಪಿ ಹೋಟೆಲಿನವರ ಮಗಳು ಪ್ರಾಚಿ, ಎದುರಾಗಬಹುದಾದ ಅಡಚಣೆಗಳ ಸಾಲಿನಲ್ಲಿ, "ಭಾನುವಾರ ಪ್ರದರ್ಶನವಾದರೆ ಮೆಗಾಬ್ಲಾಕ್, ರೈಲಿಲ್ಲ. ಪರಿಹಾರ: ಪಪ್ಪನ ಟೆಂಪೋ" ಎಂದು ಬರೆದಿದ್ದಳು. ಸರ್ವರ್ ಕೈಕೊಡುವುದು, ಡೇಟಾ ಹಾಳಾಗುವುದು, ಅಡಚಣೆಯೆಂದರೆ ಹಾಗೆ ಘನವಾಗಿರಬೇಕು. ಕೆಂಪು ಶಾಯಿಯಲ್ಲಿ "ಇದು ಅಡಚಣೆಯಲ್ಲ, ನೆಪ" ಎಂದು ಷರಾ ಬರೆದು ಎರಡು ಅಂಕ ಕತ್ತರಿಸಿದೆ.

ಅಂದು ಹೊರಡುವಾಗ ಹೆಂಡತಿ ಸುಮತಿ ಕೇಳಿದಳು, "ಇವತ್ತು ಮೆಗಾಬ್ಲಾಕ್ ಉಂಟಲ್ಲ, ನಿಮ್ಮ ಪರೀಕ್ಷಕರು ಹೇಗೆ ಬರ್ತಾರೆ?"

ಕಾಲೇಜಿಗೆ ನಡೆದೇ ಹೋಗುವ ನನಗೆ ಹಳಿ ರಿಪೇರಿಗೆ ರೈಲು ನಿಲ್ಲಿಸುವವರ ಚಿಂತೆ ಏಕೆ? ಚಾರ್ಟಿನಲ್ಲಿದೆ, ಬರುತ್ತಾರೆ ಎಂದೆ.

ಬರಲಿಲ್ಲ.

ಬಂದದ್ದು ಅವರ ಫೋನು. ಠಾಣೆಯಿಂದ ರೈಲಿಲ್ಲ, ಬಸ್ಸಿನ ಕ್ಯೂ ಕರಗುವಂತಿಲ್ಲ, ಟ್ಯಾಕ್ಸಿ ಸಿಗುತ್ತಿಲ್ಲ, ವಾಪಸ್ ಹೋಗುತ್ತೇನೆ ಎಂದರು. ನಾನು ಚಾರ್ಟಿನ ಮುಂದೆ ನಿಂತೆ. ಹಳದಿ, ಹಸಿರು, ನೀಲಿ, ಕಂದು, ಯಾವ ಬಣ್ಣವೂ ಬಾಯಿ ಬಿಡಲಿಲ್ಲ. ಕೊನೆಗೆ ಸಾಲಾಗಿ ಕೂತ ಮಕ್ಕಳ ಬಳಿ ಹೋಗಿ, ಪರೀಕ್ಷಕರು ಠಾಣೆಯಲ್ಲಿ ಸಿಕ್ಕಿಬಿದ್ದಿದ್ದಾರೆ ಎಂದೆ.

ಕನ್ನಡ ಅರ್ಥವಾದರೂ ಹಿಂದಿಯಲ್ಲೇ ಉತ್ತರಿಸುವ ಪ್ರಾಚಿ ಎದ್ದು ಬಂದಳು. "ಸರ್, ಪಪ್ಪಾ ಕಾ ಟೆಂಪೋ ಅಭೀ ರಬಾಳೆ ಮೇ ಹೈ. ಠಾಣಾ ಭೇಜ್ ದೂಂ?"

ಠಾಣೆಯ ಹಾದಿಯ ರಬಾಳೆಯ ಕಾರ್ಖಾನೆಗೆ ಇಡ್ಲಿ ಸಾಂಬಾರ್ ಕೊಡಲು ಹೋದ ಟೆಂಪೋ ಅದು; ಅದನ್ನೇ ಠಾಣೆಗೆ ಕಳಿಸಲೇ ಎನ್ನುತ್ತಿದ್ದಳು. ಕೆಂಪು ಶಾಯಿಯ ಮಾತನ್ನು ಅವಳು ಎತ್ತಲೇ ಇಲ್ಲ. ಎತ್ತಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ವಾಪಸ್ ಹೋಗಬೇಡಿ, ಅಲ್ಲೇ ನಿಲ್ಲಿ ಎಂದು ಪರೀಕ್ಷಕರಿಗೆ ಫೋನು ಮಾಡಿದೆ. ಅವರು ಟೆಂಪೋದಲ್ಲಿ ಖಾಲಿ ಡಬ್ಬಿಗಳ ಜೊತೆ ಬಂದಿಳಿದರು. ಪ್ಯಾಂಟಿನ ಹಿಂಭಾಗಕ್ಕೆ ಸಾಂಬಾರಿನ ಅಲಂಕಾರವಾಗಿತ್ತು. ಒಂದೊಂದೇ ವರದಿ ನೋಡುತ್ತಾ ಪ್ರಾಚಿಯದಕ್ಕೆ ಬಂದು, ನನ್ನ ಷರಾ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಇದು ನೆಪ ಅಂದ್ರ, ನಾ ಬಂದದ್ದು ಹ್ಯಾಂಗ್ರಿ ಸರ?"

ಎರಡು ಅಂಕ ಅಲ್ಲೇ ವಾಪಸಾಯಿತು. ಎಲ್ಲರ ಹಾಳೆಗೂ ಸಹಿ ಬಿತ್ತು. ನಿಜ ಹೇಳುತ್ತೇನೆ, ನನಗೆ ಆದದ್ದು ಅವಮಾನಕ್ಕಿಂತ ಹೆಮ್ಮೆಯೇ. ಇಂಥ ಯೋಜನೆ ಹಾಕುವ ಹುಡುಗಿ ನನ್ನ ಶಿಷ್ಯೆ! ಎದೆಯುಬ್ಬಿಸಿ, ಎಲ್ಲಾ ನಮ್ಮ ಪಾಠದ ಫಲ ಎಂದೂ ಹೇಳಿಬಿಟ್ಟೆ.

ಪರೀಕ್ಷಕರು ಹೊರಡುವ ಹೊತ್ತಿಗೂ ಬ್ಲಾಕ್ ಮುಗಿದಿರಲಿಲ್ಲ. ಮತ್ತೆ ಅದೇ ಟೆಂಪೋ. ಸೀಟಿನ ಮೇಲೆ ಹಾಸಲು ದೊಡ್ಡದೊಂದು ಕಾಗದ ಸಿಗಬಹುದೇ ಎಂದು ಅವರು ವಿನಯದಿಂದ ಕೇಳಿದರು. ಸ್ಟಾಫ್ ರೂಮಿನಲ್ಲಿ ಅಷ್ಟು ದೊಡ್ಡ ಕಾಗದ ಇದ್ದದ್ದು ಒಂದೇ. ನಾನೇ ಗೋಡೆಯಿಂದ ಬಿಚ್ಚಿ ತಂದು ಹಾಸಿದೆ. ಅವರು ಹಳದಿ ಬಣ್ಣದ ಮೇಲೆ ಸರಿಯಾಗಿ ಕೂತರು.